ಕೆಸ್ವಾಪ್‌ಡಿ ಎಲ್ಲಿ ನಿಂತಿತ್ತು: ಧ್ವನಿಮುದ್ರಣ ಯಂತ್ರವೊಂದರ ದುರಸ್ತಿ ದಾಖಲೆ

ಹದಿನಾರು ಚಾನೆಲ್‌ಗಳ ಧ್ವನಿಯನ್ನು ಗಂಟೆಗಟ್ಟಲೆ ಮುದ್ರಿಸಿಕೊಳ್ಳಲು ನಾನು ಜೋಡಿಸಿಟ್ಟುಕೊಂಡಿರುವ ಲಿನಕ್ಸ್ ಯಂತ್ರವೊಂದಿದೆ. 8 ಜಿಬಿ ಮೆಮೊರಿ, ಒಳಗೊಂದು ಎಸ್‌ಎಸ್‌ಡಿ, ಹೊರಗೆ ಯುಎಸ್‌ಬಿ ತಂತಿಯ ತುದಿಯಲ್ಲಿ ಹಳೆಯ ಹಾರ್ಡ್ ಡಿಸ್ಕ್, ಇನ್ನೊಂದು ಯುಎಸ್‌ಬಿ ಕಿಂಡಿಯಲ್ಲಿ ಧ್ವನಿಯನ್ನು ಅಂಕಿಗಳಾಗಿ ಬದಲಿಸುವ ಬೋರ್ಡು. ಬೋರ್ಡನ್ನು ಯಂತ್ರದೊಂದಿಗೆ ಮಾತನಾಡಿಸುವ ಡ್ರೈವರ್ ಪ್ರೋಗ್ರಾಮನ್ನು ನಾನೇ ಬರೆದಿದ್ದೇನೆ. ಹೊಸ ಮುದ್ರಣ ಎಸ್‌ಎಸ್‌ಡಿಗೆ ಹೋಗುತ್ತದೆ, ಹಳೆಯ ಮುದ್ರಣಗಳ ಪ್ರತಿ ನಿಧಾನವಾಗಿ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಎರಡೂ ಬೇರೆ ಬೇರೆಯಾಗಿ ನಡೆದರೆ ಏನೂ ತೊಂದರೆಯಿಲ್ಲ. ಒಟ್ಟಿಗೆ ನಡೆದ ರಾತ್ರಿಗಳಲ್ಲಿ ಮಾತ್ರ ಮುದ್ರಣದ ನಡುವೆ ತೂತು ಬೀಳುತ್ತಿತ್ತು. ಕೆಲವೊಮ್ಮೆ ಅರ್ಧ ಸೆಕೆಂಡು, ಒಮ್ಮೊಮ್ಮೆ ಪೂರ್ತಿ ಒಂದು ಸೆಕೆಂಡು. ಒಬ್ಬರು ಮನಸ್ಸು ಬಿಚ್ಚಿ ಮಾತನಾಡುತ್ತಿರುವಾಗ ಒಂದು ಸೆಕೆಂಡು ಕಳೆದುಹೋದರೆ ಅದನ್ನು ಮತ್ತೆ ತರಲಾಗದು. ಆದ್ದರಿಂದ ಈ ದೋಷವನ್ನು ಬೇರುಸಹಿತ ಹುಡುಕಲೇಬೇಕೆಂದು ಕುಳಿತೆ. ಮೂರು ವಾರ ಹಿಡಿಯಿತು.

ಲೆಕ್ಕದ ಪ್ರಕಾರ ಈ ಕೆಲಸ ಯಂತ್ರಕ್ಕೆ ಭಾರವೇ ಅಲ್ಲ. 16 ಚಾನೆಲ್, ಸೆಕೆಂಡಿಗೆ 48,000 ಮಾದರಿ, ಒಂದೊಂದಕ್ಕೆ 3 ಬೈಟ್. ಸೆಕೆಂಡಿಗೆ ಸುಮಾರು 2.3 ಎಂಬಿ. ಎಸ್‌ಎಸ್‌ಡಿ ಇದರ ನೂರು ಪಟ್ಟನ್ನು ನುಂಗಬಲ್ಲದು. ಮುದ್ರಣ ಪ್ರೋಗ್ರಾಮಿನಲ್ಲಿ ಎರಡು ಎಳೆಗಳಿವೆ, ಅಂದರೆ ಜೊತೆಜೊತೆಗೆ ಓಡುವ ಎರಡು ಭಾಗಗಳು (ಥ್ರೆಡ್). ಒಂದು ಬೋರ್ಡಿನಿಂದ ಓದಿ ಎರಡು ಸೆಕೆಂಡಿನಷ್ಟು ಹಿಡಿಯುವ ವರ್ತುಲ ಬಫರಿಗೆ ತುಂಬುತ್ತದೆ, ಇನ್ನೊಂದು ಅಲ್ಲಿಂದ ತೆಗೆದು ಫೈಲಿಗೆ ಬರೆಯುತ್ತದೆ. ತೂತು ಬೀಳಬೇಕಾದರೆ ಬರೆಯುವ ಎಳೆ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತಿರಬೇಕು. ಎಲ್ಲಿ ನಿಂತಿತು ಎಂಬುದೊಂದೇ ಪ್ರಶ್ನೆ.

ಮೊದಲ ವಾರ: ಅಂದಾಜಿನ ಮೇಲೆ ಮಾಡಿದ ಕೆಲಸಗಳು

ಆಗ ಯಂತ್ರದಲ್ಲಿದ್ದದ್ದು ಲಿನಕ್ಸಿನ ತಿರುಳಾದ ಕರ್ನಲ್‌ನ 5.10 ಆವೃತ್ತಿ. ತೂತು ಬೀಳುವ ಹೊತ್ತಿನಲ್ಲಿ ಲಭ್ಯ ಮೆಮೊರಿ ಎಷ್ಟೆಂದು ನೋಡಿದರೆ 5 ಜಿಬಿಗೂ ಹೆಚ್ಚು ತೋರಿಸುತ್ತಿತ್ತು. ಹಾಗಾಗಿ ಮೆಮೊರಿಯ ಮೇಲೆ ಅನುಮಾನವೇ ಬರಲಿಲ್ಲ. ತಂತಿ ಬದಲಿಸಿದೆ, ವಿದ್ಯುತ್ ಅಡಾಪ್ಟರ್ ಬದಲಿಸಿದೆ, ಪ್ರೊಸೆಸರಿನ ನಿದ್ರಾಸ್ಥಿತಿಗಳನ್ನು ತಡೆದೆ. ಯಾವುದರಿಂದಲೂ ಪ್ರಯೋಜನವಾಗಲಿಲ್ಲ.

ಆಮೇಲೆ ಕರ್ನಲ್ ತನ್ನ ಮೆಮೊರಿಯ ಲೆಕ್ಕ ತೋರಿಸುವ ವಿಎಂಸ್ಟ್ಯಾಟ್ ಫೈಲಿನ ಎಣಿಕೆಗಳನ್ನು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಳ್ಳತೊಡಗಿದೆ. ಅದರಲ್ಲಿ ಅಲಾಕ್‌ಸ್ಟಾಲ್ ಎಂದು ಆರಂಭವಾಗುವ ಸಾಲುಗಳಿವೆ. ಒಂದು ಪ್ರಕ್ರಿಯೆ ಮೆಮೊರಿ ಕೇಳಿ, ಅದು ಸಿಗದೆ, ತಾನೇ ಹೋಗಿ ಪುಟಗಳನ್ನು (ಮೆಮೊರಿಯ ಚಿಕ್ಕ ತುಂಡುಗಳನ್ನು) ಬಿಡಿಸಿಕೊಳ್ಳಬೇಕಾಗಿ ಬಂದ ಪ್ರತಿಸಲವೂ ಆ ಸಂಖ್ಯೆ ಒಂದು ಏರುತ್ತದೆ. ಹಗಲೆಲ್ಲ ಸೊನ್ನೆ. ಪ್ರತಿ ಮಾಡುವ ಕೆಲಸ ಶುರುವಾದ ಕೂಡಲೇ ನೂರಾರು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಸ್ಥಿತಿ: ಮೆಮೊರಿ ಇದೆ, ಕೇಳಿದ ಕ್ಷಣಕ್ಕೆ ಕೈಗೆ ಬರುತ್ತಿಲ್ಲ.

ಇದು ತಿಳಿದ ಮೇಲೆಯೂ ಎರಡು ತಪ್ಪು ಮಾಡಿದೆ. ಮೊದಲನೆಯದು, ಬಳಸದ ಪುಟಗಳನ್ನು ಮೆಮೊರಿಯಿಂದ ಡಿಸ್ಕಿಗೆ ಸಾಗಿಸಿಡುವ ಸ್ವಾಪ್ ಸೌಲಭ್ಯವನ್ನು ಮುಚ್ಚಿದ್ದು. ಡಿಸ್ಕಿಗೆ ಹೋಗುವ ಒಂದು ದಾರಿ ಕಡಿಮೆಯಾದರೆ ಕಾಯುವಿಕೆಯೂ ಕಡಿಮೆಯಾದೀತೆಂದು ಭಾವಿಸಿದೆ. ಆದರೆ ಸ್ವಾಪ್ ಇಲ್ಲದಿದ್ದರೆ ಪ್ರೋಗ್ರಾಮುಗಳು ಎಂದೋ ಬರೆದು ಮರೆತ ಖಾಸಗಿ ಪುಟಗಳನ್ನು ಕರ್ನಲ್ ಎಲ್ಲಿಗೂ ಕಳಿಸಲಾರದು. ಒತ್ತಡವೆಲ್ಲ ಫೈಲ್ ಪುಟಗಳ ಮೇಲೆ, ಅಂದರೆ ಓಡುತ್ತಿರುವ ಪ್ರೋಗ್ರಾಮುಗಳ ಸಂಕೇತದ (ಕೋಡ್) ಮೇಲೂ ಬೀಳುತ್ತದೆ. ಅವನ್ನು ಎಸೆದು ಮತ್ತೆ ಓದಿ ಮತ್ತೆ ಎಸೆಯುವ ಒದ್ದಾಟ ಆರಂಭವಾಯಿತು. ಮರುದಿನವೇ ಸ್ವಾಪನ್ನು ಹಿಂದಕ್ಕೆ ತಂದೆ, ಈ ಸಲ ಮೆಮೊರಿಯಲ್ಲೇ ಸಂಕುಚಿತವಾಗಿ ಇಡುವ ಜೆಡ್‌ರ‍್ಯಾಮ್ ರೂಪದಲ್ಲಿ.

ಎರಡನೆಯದು, ಎಷ್ಟು ಮೆಮೊರಿಯನ್ನು ಖಾಲಿ ಇಟ್ಟುಕೊಳ್ಳಬೇಕೆಂದು ಹೇಳುವ ಮಿನ್_ಫ್ರೀ_ಕೆಬೈಟ್ಸ್ ಎಂಬ ಹೊಂದಾಣಿಕೆಯನ್ನು 1 ಜಿಬಿಗೆ ಏರಿಸಿದ್ದು. ಅದರಿಂದ ನಿಲುಗಡೆಗಳು ತಕ್ಕಮಟ್ಟಿಗೆ ಇಳಿದವು ನಿಜ, ಆದರೆ 8ರಲ್ಲಿ 1 ಜಿಬಿ ಸಾಮಾನ್ಯ ಪ್ರೋಗ್ರಾಮುಗಳ ಕೈಗೆ ಸಿಗದಂತಾಯಿತು. ಏಕೆ ಇಳಿದವು ಎಂಬುದನ್ನು ಅರ್ಥಮಾಡಿಕೊಳ್ಳದೆ ಅದನ್ನು ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ಮೂರು ಗುರುತುಗಳ ನಡುವಿನ ಅಂತರ

ಕರ್ನಲ್ ಮೆಮೊರಿಯನ್ನು ಜೋನ್‌ಗಳಾಗಿ ಹಂಚಿ, ಪ್ರತಿ ಜೋನ್‌ಗೂ ಮೂರು ಮಟ್ಟಗಳನ್ನು ಗುರುತು ಹಾಕಿಕೊಂಡಿರುತ್ತದೆ: ಮಿನ್, ಲೋ, ಹೈ. ಖಾಲಿ ಪುಟಗಳು ಲೋ ಗುರುತಿಗಿಂತ ಕೆಳಗಿಳಿದರೆ ಕೆಸ್ವಾಪ್‌ಡಿ ಎಂಬ ಕರ್ನಲ್ ಎಳೆ ಎಚ್ಚರಗೊಂಡು, ಹೈ ಗುರುತು ಮುಟ್ಟುವವರೆಗೆ ಹಿನ್ನೆಲೆಯಲ್ಲಿ ಪುಟಗಳನ್ನು ಬಿಡಿಸುತ್ತದೆ. ಅದು ಬಿಡಿಸುವುದಕ್ಕಿಂತ ಬೇಗ ಇತರರು ಬಳಸಿಬಿಟ್ಟರೆ ಮಟ್ಟ ಮಿನ್‌ಗೆ ಇಳಿಯುತ್ತದೆ. ಅಲ್ಲಿಂದ ಕೆಳಗೆ ಮೆಮೊರಿ ಕೇಳಿದವನೇ ಬಿಡಿಸುವ ಕೆಲಸಕ್ಕೂ ಕೈಹಾಕಬೇಕು. ಇದಕ್ಕೆ ಡೈರೆಕ್ಟ್ ರಿಕ್ಲೈಮ್ ಎಂದು ಹೆಸರು. ಒಂದು ಸುತ್ತಿನ ಗುರಿ 32 ಪುಟ, ಅಂದರೆ 128 ಕೆಬಿ. ಗುರಿ ಚಿಕ್ಕದೇ, ಆದರೆ ಅದನ್ನು ಮುಟ್ಟಲು ಎಷ್ಟು ಹೊತ್ತು ಬೇಕೆಂಬುದಕ್ಕೆ ಮೇಲ್ಮಿತಿಯೇನೂ ಇಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವಿದು, ಅದೂ ನೀರು ಬೇಕಾದವನ ಕೈಯಲ್ಲೇ ಗುದ್ದಲಿ.

ಹಾಗಾದರೆ ಮುಖ್ಯವಾದದ್ದು ಮಿನ್ ಎಷ್ಟು ಎತ್ತರದಲ್ಲಿದೆ ಎಂಬುದಲ್ಲ. ಲೋದಿಂದ ಮಿನ್‌ವರೆಗೆ ಎಷ್ಟು ಅಂತರವಿದೆ ಎಂಬುದು. ಕೆಸ್ವಾಪ್‌ಡಿಗೆ ಎದ್ದು ಕೆಲಸ ಮಾಡಲು ಸಿಗುವ ಸಮಯ ಅಷ್ಟೇ. ನನ್ನ ಯಂತ್ರದಲ್ಲಿ ಮಿನ್_ಫ್ರೀ_ಕೆಬೈಟ್ಸ್ ಮೂಲತಃ 67584 ಇತ್ತು. 8 ಜಿಬಿಗೆ ಕರ್ನಲ್‌ನ ವರ್ಗಮೂಲದ ಸೂತ್ರ ಕೊಡುವುದು ಸುಮಾರು 11.5 ಎಂಬಿ ಮಾತ್ರ. ದೊಡ್ಡ ಪುಟಗಳ ಸೌಲಭ್ಯ ಚಾಲೂ ಇದ್ದುದರಿಂದ ಅದು 66 ಎಂಬಿಗೆ ಏರಿತ್ತು. ಅಂತರವೆಂದರೆ ಮಿನ್‌ನ ಕಾಲುಭಾಗ ಅಥವಾ ವಾಟರ್‌ಮಾರ್ಕ್_ಸ್ಕೇಲ್_ಫ್ಯಾಕ್ಟರ್ ಹೇಳುವ ಪಾಲು, ಎರಡರಲ್ಲಿ ಹೆಚ್ಚಿನದು. ಆ ಫ್ಯಾಕ್ಟರಿನ ಲೆಕ್ಕ ಹತ್ತು ಸಾವಿರದಲ್ಲಿ ಇಷ್ಟು ಎಂದು. ಸಹಜ ಬೆಲೆ 10, ಅಂದರೆ ಮೆಮೊರಿಯ ಶೇ 0.1, ನನಗೆ 8 ಎಂಬಿ. ಕಾಲುಭಾಗ 16.5 ಎಂಬಿ. ಹೆಚ್ಚಿನದು ಅದೇ.

ಪ್ರತಿ ಮಾಡುವ ಪ್ರೋಗ್ರಾಮು ಎಸ್‌ಎಸ್‌ಡಿಯಿಂದ ಸೆಕೆಂಡಿಗೆ 400 ಎಂಬಿಯಂತೆ ಓದಿ ಕ್ಯಾಶ್ (ಫೈಲುಗಳ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ತುಂಬುತ್ತಿತ್ತು. 16.5 ಎಂಬಿ ಅಂತರ ಮುಗಿಯಲು 41 ಮಿಲಿಸೆಕೆಂಡು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದಾಗ ಒಂದು ಕ್ಷಣ ಸುಮ್ಮನೆ ಕುಳಿತೆ. 8 ಜಿಬಿಯ ಯಂತ್ರದ ನೆಮ್ಮದಿ 41 ಮಿಲಿಸೆಕೆಂಡಿನ ಮೇಲೆ ನಿಂತಿದೆ!

ಮಿನ್ ಅನ್ನು 1 ಜಿಬಿ ಮಾಡಿದಾಗ ಅಂತರವೂ 256 ಎಂಬಿ ಆಗಿತ್ತು. ಪರಿಹಾರ ಸಿಕ್ಕಿದ್ದು ಅದರಿಂದ, ಕೆಳಗೆ ಹೂತಿಟ್ಟ 1 ಜಿಬಿಯಿಂದಲ್ಲ. ಮಿನ್ ಅನ್ನು ಹಳೆಯ ಬೆಲೆಗೆ ಇಳಿಸಿ, ಸ್ಕೇಲ್ ಫ್ಯಾಕ್ಟರನ್ನು 200ಕ್ಕೆ ಏರಿಸಿದೆ. ಈಗ ಅಂತರ ಸುಮಾರು 160 ಎಂಬಿ, ಕೆಸ್ವಾಪ್‌ಡಿಗೆ 0.4 ಸೆಕೆಂಡು ಬಿಡುವು. ಈ ಹೊಂದಾಣಿಕೆ ಕರ್ನಲ್‌ಗೆ ಬಂದದ್ದು 4.6ರಲ್ಲಿ, ಸರಿಯಾಗಿ ಇದೇ ತೊಂದರೆಗೆಂದು. ದೊಡ್ಡ ಮೆಮೊರಿಯ ಯಂತ್ರಗಳಲ್ಲಿ ನಿಲುಗಡೆ ಕಂಡರೆ ಮೊದಲು ಮುಟ್ಟಬೇಕಾದದ್ದು ಇದನ್ನೇ ಎಂಬುದು ನನ್ನ ಈಗಿನ ಅಭಿಪ್ರಾಯ.

ಬರೆಯದೆ ಉಳಿದ ಪುಟಗಳ ರಾಶಿ

ಅಂತರ ಹಿಗ್ಗಿಸಿದ ರಾತ್ರಿ ಅಲಾಕ್‌ಸ್ಟಾಲ್ ಸಂಖ್ಯೆ ನಾಲ್ಕು ಸಾವಿರದಿಂದ ಸಾವಿರದ ಆಸುಪಾಸಿಗೆ ಇಳಿಯಿತು. ಸೊನ್ನೆಯಾಗಲಿಲ್ಲ. ಕೆಸ್ವಾಪ್‌ಡಿಗೆ ಸಮಯ ಕೊಟ್ಟರೂ ಸಾಲದಿದ್ದರೆ, ಅದಕ್ಕೆ ಸಿಗುತ್ತಿರುವ ಪುಟಗಳೇ ಬಿಡಿಸಲು ಬಾರದಂಥವು ಎಂದರ್ಥ.

ಓದಿ ಮುಗಿದ ಫೈಲಿನ ಪುಟವನ್ನು ಕರ್ನಲ್ ಮರುಮಾತಿಲ್ಲದೆ ಎಸೆಯಬಹುದು, ಮೂಲ ಪ್ರತಿ ಡಿಸ್ಕಿನಲ್ಲಿದೆ. ಬರೆದು ಇನ್ನೂ ಡಿಸ್ಕಿಗೆ ಹೋಗದ ಡರ್ಟಿ ಪುಟವನ್ನು ಎಸೆಯುವಂತಿಲ್ಲ, ಮೊದಲು ಬರೆಯಬೇಕು. ಸಹಜ ಹೊಂದಾಣಿಕೆಯಲ್ಲಿ ಇಂಥ ಪುಟಗಳ ಶೇಕಡಾವಾರು ಮಿತಿಯಾದ ಡರ್ಟಿ_ರೇಷಿಯೊ 20. ಕ್ಯಾಶ್‌ಗೆ ಸಿಗಬಹುದಾದ 6 ಜಿಬಿಯಲ್ಲಿ ಶೇ 20 ಎಂದರೆ 1.2 ಜಿಬಿ. ನನ್ನ ಹಳೆಯ ಡಿಸ್ಕು ಬರೆಯುವುದು ಸೆಕೆಂಡಿಗೆ 30 ಎಂಬಿ. ಆ ರಾಶಿ ಕರಗಲು 40 ಸೆಕೆಂಡು ಬೇಕು. ಕೆಸ್ವಾಪ್‌ಡಿ ಇತ್ತೀಚೆಗೆ ಬಳಸದ ಪುಟಗಳ ನಿಷ್ಕ್ರಿಯ ಪಟ್ಟಿಯ ಬಾಲದಿಂದ ಪುಟಗಳನ್ನು ಎತ್ತಿ ನೋಡಿದಾಗಲೆಲ್ಲ ಇಂಥವೇ ಸಿಕ್ಕರೆ ಪಾಪ ಅದೇನು ಮಾಡೀತು?

ಬರೆಯುವ ಎಳೆಯ ಪ್ರತಿಯೊಂದು ರೈಟ್ ಕರೆಗೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆದು 10 ಮಿಲಿಸೆಕೆಂಡಿನ ಗೂಡುಗಳಲ್ಲಿ ಹಾಕಿದೆ. ಬಹುಪಾಲು ಮೊದಲ ಗೂಡಿನಲ್ಲೇ ಇದ್ದವು. ಆದರೆ ದೂರದಲ್ಲಿ, 100ರ ಹತ್ತಿರ ಒಂದು ಗುಡ್ಡೆ, 200ರ ಹತ್ತಿರ ಇನ್ನೊಂದು, 300ರಲ್ಲಿ ಚಿಕ್ಕದೊಂದು. ನಡುವೆ ಬಯಲು. ಡಿಸ್ಕಿನ ವಿಳಂಬ ಹೀಗೆ ಅಳತೆಪಟ್ಟಿ ಹಿಡಿದಂತೆ ಇರುವುದಿಲ್ಲ. ಇಷ್ಟು ಗುಂಡಾದ ಸಂಖ್ಯೆ ಕಂಡರೆ ಯಾರೋ ಗಡಿಯಾರ ನೋಡಿ ಮಲಗುತ್ತಿದ್ದಾರೆ ಎಂದೇ ತಿಳಿಯಬೇಕು.

ಮಲಗುತ್ತಿದ್ದದ್ದು ಕರ್ನಲ್‌ನ ಮೆಮೊರಿ ವಿಭಾಗವೇ. ಆ ಕಾಲದ ಸಂಕೇತದಲ್ಲಿ ಹಲವು ಕಡೆ ಕಂಜೆಶ್ಚನ್_ವೇಟ್ ಎಂಬ ಕರೆಯಿತ್ತು: ಬರೆಯುವ ಸಾಧನಗಳ ದಟ್ಟಣೆ ಕರಗುವವರೆಗೆ ಅಥವಾ ಹೆಚ್ಚೆಂದರೆ 100 ಮಿಲಿಸೆಕೆಂಡು ಕಾಯುವುದು ಅದರ ಉದ್ದೇಶ. ಡಿಸ್ಕುಗಳ ಓದು-ಬರಹ ನಡೆಸುವ ಬ್ಲಾಕ್ ವಿಭಾಗ ಹೊಸ ಬಹುಸಾಲು ವಿನ್ಯಾಸಕ್ಕೆ ಪೂರ್ತಿ ಬದಲಾದ ಮೇಲೆ ದಟ್ಟಣೆ ಕರಗಿತೆಂದು ತಿಳಿಸುವವರೇ ಬಹುಮಟ್ಟಿಗೆ ಇಲ್ಲವಾದರು. ಉಳಿದದ್ದು ಬರಿಯ 100 ಮಿಲಿಸೆಕೆಂಡಿನ ನಿದ್ದೆ. ಕರ್ನಲ್ ಬರೆಯುವವರಲ್ಲೊಬ್ಬರಾದ ಮೆಲ್ ಗೋರ್ಮನ್ ಅವರು ಇದನ್ನು ತೆಗೆದುಹಾಕಿ, ಕಾಯುವುದಾದರೆ ಏಕೆ ಕಾಯುತ್ತಿದ್ದೇವೆ ಎಂಬ ಕಾರಣದ ಮೇಲೆ ಕಾಯುವ ವ್ಯವಸ್ಥೆಯನ್ನು ತಂದರು. ಬರೆದು ಮುಗಿಯಲಿ ಎಂದು ಕಾಯುವವನನ್ನು ಬರೆದು ಮುಗಿದಾಗ ಎಬ್ಬಿಸುತ್ತಾರೆ. ಮುನ್ನಡೆಯೇ ಇಲ್ಲವೆಂದು ಕಾಯುವವನ ಹಾದಿ ಬೇರೆ. ಅದು 2022ರ ಜನವರಿಯಲ್ಲಿ ಬಂದ 5.16ರಲ್ಲಿ ಸೇರಿತು. ನಾನು ದೀರ್ಘಕಾಲ ಬೆಂಬಲವಿರುವ 6.1ಕ್ಕೆ ಏರಿದೆ.

ಏರುವಾಗ ನನ್ನ ಡ್ರೈವರ್ ಕಂಪೈಲ್ ಆಗಲಿಲ್ಲ. 6.0ರಿಂದ ಶ್ರಿಂಕರ್ (ಒತ್ತಡ ಬಂದಾಗ ಮೆಮೊರಿ ಹಿಂದಿರುಗಿಸೆಂದು ಕರ್ನಲ್ ಕರೆಯುವ ಫಂಕ್ಷನ್) ನೋಂದಾಯಿಸುವಾಗ ಅದಕ್ಕೊಂದು ಹೆಸರನ್ನೂ ಕೊಡಬೇಕು. ಒಂದು ಸಾಲು ತಿದ್ದಿ ಮುಂದೆ ಹೋದೆ. ಆ ಸಾಲಿನ ಆಸುಪಾಸನ್ನು ಅವತ್ತೇ ಗಮನವಿಟ್ಟು ಓದಿದ್ದರೆ ಒಂದು ವಾರ ಉಳಿಯುತ್ತಿತ್ತು.

ಕರ್ನಲ್ ಬದಲಾಯಿಸಿದ್ದು ಕಾಯುವ ರೀತಿಗೆ ಪರಿಹಾರ. ಕಾಯಬೇಕಾದ ರಾಶಿಗೆ ಪರಿಹಾರ ಬೇರೆಯೇ ಬೇಕು. ಶೇಕಡಾವಾರು ಮಿತಿಯನ್ನು ಬಿಟ್ಟು ಡರ್ಟಿ_ಬೈಟ್ಸ್ 256 ಎಂಬಿ, ಹಿನ್ನೆಲೆಯಲ್ಲಿ ಬರೆಯಲು ಆರಂಭಿಸುವ ಮಿತಿಯನ್ನು 64 ಎಂಬಿ ಎಂದು ಇಟ್ಟೆ. ಬೈಟ್ ಲೆಕ್ಕದಲ್ಲಿ ಕೊಟ್ಟರೆ ಶೇಕಡಾ ಲೆಕ್ಕದ ಹೊಂದಾಣಿಕೆ ಸೊನ್ನೆ ತೋರಿಸುತ್ತದೆ, ಗಾಬರಿಯಾಗಬೇಕಿಲ್ಲ. ಎರಡರಲ್ಲಿ ಒಂದು ಮಾತ್ರ ಜಾರಿಯಲ್ಲಿರುತ್ತದೆ. 64 ಎಂಬಿ ಎಂದರೆ ನನ್ನ ಡಿಸ್ಕಿಗೆ ಎರಡು ಸೆಕೆಂಡಿನ ಕೆಲಸ. ಪ್ರತಿ ಮಾಡುವ ವೇಗ ಒಂದಿಷ್ಟೂ ತಗ್ಗಲಿಲ್ಲ, ಏಕೆಂದರೆ ಆ ವೇಗವನ್ನು ನಿರ್ಧರಿಸುತ್ತಿದ್ದದ್ದು ಮೊದಲಿನಿಂದಲೂ ಡಿಸ್ಕೇ.

ಕೊನೆಗೆ ಪ್ರತಿ ಮಾಡುವ ಪ್ರೋಗ್ರಾಮನ್ನು ಪ್ರತ್ಯೇಕ ಸಿಗ್ರೂಪಿನಲ್ಲಿ (ಮೆಮೊರಿಗೆ ಮಿತಿ ಹಾಕಬಹುದಾದ ಗುಂಪಿನಲ್ಲಿ) ಕೂರಿಸಿ ಅದರ ಮೆಮೊರಿ.ಹೈ ಅನ್ನು 512 ಎಂಬಿ ಮಾಡಿದೆ. ಈ ಮಿತಿ ದಾಟಿದವರನ್ನು ಕರ್ನಲ್ ಕೊಲ್ಲುವುದಿಲ್ಲ. ನಿಧಾನಗೊಳಿಸಿ, ಅವರ ಪುಟಗಳನ್ನು ಅವರ ಕೈಯಿಂದಲೇ ಬಿಡಿಸುತ್ತದೆ. ಮುದ್ರಣ ಪ್ರೋಗ್ರಾಮಿನ ಗುಂಪಿಗೆ ಮೆಮೊರಿ.ಲೋ 300 ಎಂಬಿ ಕೊಟ್ಟು ಕಾಪಾಡಿದೆ. ಈ ಎರಡು ಸಾಲುಗಳು ನನಗೆ ಬಹಳ ಹಿಡಿಸಿದವು. ರಾಶಿ ಹಾಕಿದವರೇ ರಾಶಿ ತೆಗೆಯಲಿ, ಸೆಕೆಂಡಿಗೆ 2.3 ಎಂಬಿ ಬರೆಯುವವನು ಏಕೆ ತೆಗೆಯಬೇಕು?

100, 200, 300ರ ಗುಡ್ಡೆಗಳು ಮಾಯವಾದವು. ಅಲಾಕ್‌ಸ್ಟಾಲ್ ರಾತ್ರಿಗೆ ಐವತ್ತು ಅರವತ್ತಕ್ಕೆ ಬಂತು. ದುರಸ್ತಿ ಮುಗಿಯಿತೆಂದುಕೊಂಡು ಎರಡು ರಾತ್ರಿ ನಿಶ್ಚಿಂತೆಯಿಂದ ಮಲಗಿದೆ. ಮೂರನೆಯ ರಾತ್ರಿಯ ಮುದ್ರಣದಲ್ಲಿ 0.9 ಸೆಕೆಂಡಿನ ತೂತು.

ಕಾವಲುಗಾರನೂ ಸಿಕ್ಕಿಬಿದ್ದದ್ದು

ಅಷ್ಟು ಹೊತ್ತಿಗೆ ಒಂದು ಕಾವಲು ಪ್ರೋಗ್ರಾಮು ಬರೆದಿದ್ದೆ. 4.20ರಿಂದ ಕರ್ನಲ್‌ನಲ್ಲಿ ಒತ್ತಡದ ಮಾಪಕವಿದೆ, ಪಿಎಸ್‌ಐ ಎನ್ನುತ್ತಾರೆ. ಪ್ರೊಕ್ ಒಳಗಿನ ಪ್ರೆಶರ್ ಫೋಲ್ಡರಿನ ಮೆಮೊರಿ ಫೈಲ್ ತೆರೆದು «ಒಂದು ಸೆಕೆಂಡಿನ ಕಿಟಕಿಯಲ್ಲಿ ಒಟ್ಟು 150 ಮಿಲಿಸೆಕೆಂಡು ಯಾರಾದರೂ ಮೆಮೊರಿಗಾಗಿ ನಿಂತರೆ ಎಬ್ಬಿಸು» ಎಂದು ಬರೆದಿಟ್ಟು ಕಾದು ಕುಳಿತರೆ (ಪೋಲ್) ಆ ಕ್ಷಣಕ್ಕೆ ಎಚ್ಚರ ಸಿಗುತ್ತದೆ. ಎಚ್ಚರವಾದಾಗ ಎಲ್ಲ ಎಣಿಕೆಗಳನ್ನೂ ಕೆಸ್ವಾಪ್‌ಡಿಯ ಸ್ಟ್ಯಾಕನ್ನೂ (ಅದು ಯಾವ ಫಂಕ್ಷನ್ನಿನಿಂದ ಯಾವುದಕ್ಕೆ ಹೋಗಿ ನಿಂತಿದೆ ಎಂಬ ಸರಣಿಯನ್ನು) ಓದಿ ಫೈಲಿಗೆ ಬರೆಯುವುದು ಅದರ ಕೆಲಸ.

ಮೂರನೆಯ ರಾತ್ರಿಯ ದಾಖಲೆ ತೆರೆದರೆ ಚಿಕ್ಕ ನಿಲುಗಡೆಗಳೆಲ್ಲ ಇದ್ದವು. ದೊಡ್ಡದು ಇರಲಿಲ್ಲ. ತೂತು ಬಿದ್ದ ಸಮಯಕ್ಕೆ ಸರಿಯಾಗಿ ದಾಖಲೆಯಲ್ಲೂ ಮೂರು ಸೆಕೆಂಡಿನ ಖಾಲಿ ಜಾಗ. ಅದು ಮುಗಿದ ಮೇಲೆ ತೆಗೆದ ಸ್ಟ್ಯಾಕ್‌ನಲ್ಲಿ ಕೆಸ್ವಾಪ್‌ಡಿ ಆರಾಮವಾಗಿ ಮಲಗಿತ್ತು. ಕಾವಲು ಪ್ರೋಗ್ರಾಮು ಎಚ್ಚರಗೊಂಡು, ಫೈಲಿಗೆ ಬರೆಯಲು ಹೋಗಿ, ಅದಕ್ಕೊಂದು ಕ್ಯಾಶ್ ಪುಟ ಬೇಕಾಗಿ, ಅದೂ ಡೈರೆಕ್ಟ್ ರಿಕ್ಲೈಮ್‌ನೊಳಗೆ ಹೋಗಿ ಉಳಿದವರೊಂದಿಗೆ ನಿಂತುಬಿಟ್ಟಿತ್ತು. ಅಳೆಯುವ ಸಾಧನ ಅಳೆಯಬೇಕಾದ ವಸ್ತುವಿನ ಮೇಲೆಯೇ ಅವಲಂಬಿಸಿದರೆ ಅತಿ ಕೆಟ್ಟ ಘಟನೆಗಳೇ ದಾಖಲೆಯಿಂದ ತಪ್ಪಿಸಿಕೊಳ್ಳುತ್ತವೆ.

ಮತ್ತೆ ಬರೆದೆ. ಆರಂಭದಲ್ಲೇ ಎಂಲಾಕ್‌ಆಲ್ ಕರೆದು ತನ್ನೆಲ್ಲ ಪುಟಗಳನ್ನು ಮೆಮೊರಿಯಲ್ಲಿ ಬಂಧಿಸಿಡುತ್ತದೆ. ಬೇಕಾದ ಫೈಲುಗಳನ್ನೆಲ್ಲ ಮೊದಲೇ ತೆರೆದಿಟ್ಟುಕೊಳ್ಳುತ್ತದೆ. ಎಚ್ಚರವಾದಾಗ ಒಂದೇ ಕೆಲಸ: ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಫೈಲಿಗೆ ಡಬ್ಲ್ಯೂ ಅಕ್ಷರ ಬರೆಯುವುದು. ಅಷ್ಟಕ್ಕೆ ಕರ್ನಲ್ ಎಚ್ಚರಿಸಲಾಗದ ನಿದ್ದೆಯಲ್ಲಿರುವ ಎಲ್ಲ ಎಳೆಗಳ ಸ್ಟ್ಯಾಕನ್ನು ತನ್ನದೇ ಲಾಗ್ ಬಫರಿಗೆ ಸುರಿಯುತ್ತದೆ. ಆ ಬಫರ್ ಮೊದಲೇ ಮೀಸಲಾಗಿರುವುದರಿಂದ ಹೊಸ ಮೆಮೊರಿ ಬೇಡ. ಓದುವುದು ಆಮೇಲೆ, ನಿಧಾನವಾಗಿ.

ನಾಲ್ಕು ರಾತ್ರಿ ಕಾದೆ. ಐದನೆಯದರಲ್ಲಿ ಸಿಕ್ಕಿತು.

ಬೇಲಿಯೇ ಎದ್ದು ಹೊಲ ಮೇಯ್ದದ್ದು

ಕೆಸ್ವಾಪ್‌ಡಿಯ ಸ್ಟ್ಯಾಕನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಬ್ಯಾಲೆನ್ಸ್_ಪಿಜಿಡ್ಯಾಟ್, ಅದರ ಮೇಲೆ ಶ್ರಿಂಕ್_ನೋಡ್, ಶ್ರಿಂಕ್_ಸ್ಲ್ಯಾಬ್, ಡು_ಶ್ರಿಂಕ್_ಸ್ಲ್ಯಾಬ್. ಅದರ ಮೇಲೆ ನನ್ನ ಡ್ರೈವರಿನ ಸ್ಕ್ಯಾನ್ ಫಂಕ್ಷನ್. ತುದಿಯಲ್ಲಿ ಮ್ಯೂಟೆಕ್ಸ್_ಲಾಕ್: ಒಮ್ಮೆಗೆ ಒಬ್ಬರನ್ನೇ ಒಳಗೆ ಬಿಟ್ಟು ಉಳಿದವರನ್ನು ಮಲಗಿಸಿ ಕಾಯಿಸುವ ಬೀಗ. ಮುದ್ರಣದ ಬರೆಯುವ ಎಳೆಯ ಸ್ಟ್ಯಾಕ್‌ನ ತುದಿಯೂ ಅದೇ ಲಾಕ್. ಪ್ರತಿ ಮಾಡುವ ಪ್ರೋಗ್ರಾಮಿನದೂ ಅದೇ.

ಡ್ರೈವರಿನಲ್ಲಿ ಬಿಡುವಾಗಿರುವ ಬಫರುಗಳ ಒಂದು ಸಂಗ್ರಹವಿದೆ. ಮೆಮೊರಿಗೆ ಒತ್ತಡ ಬಂದಾಗ ಅವನ್ನು ಹಿಂದಿರುಗಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಶ್ರಿಂಕರ್ ಬರೆದಿದ್ದೆ. ಸಂಗ್ರಹವನ್ನು ಕಾಯಲು ಒಂದು ಮ್ಯೂಟೆಕ್ಸ್. ಅದೇ ಮ್ಯೂಟೆಕ್ಸನ್ನು ಬೋರ್ಡಿನ ನಿಯಂತ್ರಣ ರಿಜಿಸ್ಟರುಗಳಿಗೂ ಬಳಸಿದ್ದೆ; ಎರಡಕ್ಕೂ ಒಂದೇ ಸಾಕೆಂಬ ಲೆಕ್ಕ. ಸೆಕೆಂಡಿಗೊಮ್ಮೆ ಡ್ರೈವರು ಆ ಲಾಕ್ ಹಿಡಿದು ಯುಎಸ್‌ಬಿ ನಿಯಂತ್ರಣ ಸಂದೇಶ ಕಳಿಸಿ ಬೋರ್ಡಿನ ಸ್ಥಿತಿ ಕೇಳುತ್ತದೆ. ಸಾಮಾನ್ಯವಾಗಿ ಉತ್ತರ ಮಿಲಿಸೆಕೆಂಡಿನೊಳಗೆ ಬರುತ್ತದೆ. ಬೋರ್ಡು ತನ್ನ ಗಡಿಯಾರವನ್ನು ಮತ್ತೆ ಹೊಂದಿಸಿಕೊಳ್ಳುತ್ತಿದ್ದರೆ ಮಾತ್ರ ಉತ್ತರವನ್ನು ಎರಡು ಮೂರು ಸೆಕೆಂಡು ತಡೆಯುತ್ತದೆ. ನಾನು ಕೊಟ್ಟಿದ್ದ ಕಾಲಮಿತಿ 5000 ಮಿಲಿಸೆಕೆಂಡು, ಹಾಗಾಗಿ ದೋಷವೆಂದೂ ವರದಿಯಾಗುತ್ತಿರಲಿಲ್ಲ.

ಧ್ವನಿಯ ದತ್ತಾಂಶದ ದಾರಿಗೆ ಬೇರೆ ಸ್ಪಿನ್‌ಲಾಕ್ (ಕಾಯುವವರನ್ನು ಮಲಗಿಸದ ಬೀಗ) ಇತ್ತು. ಮೆಮೊರಿಗೆ ಒತ್ತಡವಿಲ್ಲದ ಹೊತ್ತಿನಲ್ಲಿ ಶ್ರಿಂಕರನ್ನು ಯಾರೂ ಕರೆಯುವುದಿಲ್ಲ. ಆದ್ದರಿಂದ ಬೋರ್ಡು ಮೂರು ಸೆಕೆಂಡು ಸುಮ್ಮನಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗಡಿಯಾರದ ಹೊಂದಾಣಿಕೆ ಮತ್ತು ಕೆಸ್ವಾಪ್‌ಡಿಯ ಓಟ ಎರಡೂ ಒಂದೇ ಕ್ಷಣಕ್ಕೆ ಬಿದ್ದ ರಾತ್ರಿ, ಇಡೀ ಯಂತ್ರಕ್ಕೆ ಪುಟ ಬಿಡಿಸಿಕೊಡುವ ಒಂದೇ ಒಂದು ಎಳೆ ನನ್ನ ಲಾಕಿನ ಬಾಗಿಲಲ್ಲಿ ನಿಲ್ಲುತ್ತಿತ್ತು. ಅದು ನಿಂತರೆ ಮಟ್ಟ ಮಿನ್‌ಗೆ ಇಳಿಯುತ್ತದೆ, ಎಲ್ಲರೂ ಡೈರೆಕ್ಟ್ ರಿಕ್ಲೈಮ್‌ಗೆ ಬರುತ್ತಾರೆ, ಅಲ್ಲಿಂದ ಅವರೂ ನನ್ನ ಶ್ರಿಂಕರಿಗೇ ಬಂದು ಸಾಲಿನಲ್ಲಿ ನಿಲ್ಲುತ್ತಾರೆ. 160 ಎಂಬಿ ಅಂತರ ಕೊಡುವ 0.4 ಸೆಕೆಂಡು ಮೂರು ಸೆಕೆಂಡಿನ ಮುಂದೆ ಯಾವ ಲೆಕ್ಕ?

ಇನ್ನೊಂದು ಹಳೆಯ ಒಗಟೂ ಇಲ್ಲೇ ಬಿಡಿಸಿಕೊಂಡಿತು. ಕೆಲವೊಮ್ಮೆ ಹಾರ್ಡ್ ಡಿಸ್ಕನ್ನು ಅನ್‌ಮೌಂಟ್ ಮಾಡುವಾಗ ಕಾರಣವಿಲ್ಲದೆ ಎರಡು ಸೆಕೆಂಡು ತಡವಾಗುತ್ತಿತ್ತು. 6.1ರಲ್ಲಿ ಶ್ರಿಂಕರುಗಳ ಪಟ್ಟಿಗೆ ಒಂದು ಸಾಮೂಹಿಕ ಓದು-ಬರಹದ ಸೆಮಫೋರ್ ಇದೆ: ಹಲವರು ಒಟ್ಟಿಗೆ ಓದಬಹುದಾದ, ಬರೆಯುವವನು ಮಾತ್ರ ಎಲ್ಲರೂ ಬಿಡುವವರೆಗೆ ಕಾಯಬೇಕಾದ ಬೀಗ. ನನ್ನ ಸ್ಕ್ಯಾನ್ ಮಲಗಿರುವಷ್ಟು ಹೊತ್ತೂ ಕೆಸ್ವಾಪ್‌ಡಿ ಅದರ ಓದುವ ಬದಿಯನ್ನು ಹಿಡಿದಿರುತ್ತದೆ. ಫೈಲ್‌ಸಿಸ್ಟಂ ತನ್ನ ಶ್ರಿಂಕರನ್ನು ಪಟ್ಟಿಯಿಂದ ತೆಗೆಯಲು ಬರೆಯುವ ಬದಿಗಾಗಿ ಕಾಯುತ್ತದೆ. 6.7ರಲ್ಲಿ ಆ ಲಾಕನ್ನು ಈ ದಾರಿಯಿಂದ ತೆಗೆದರು. ಹಾಗೆಂದು ಮಲಗುವ ಶ್ರಿಂಕರ್ ಅಲ್ಲಿಯೂ ಕೆಸ್ವಾಪ್‌ಡಿಯನ್ನು ನಿಲ್ಲಿಸಿಯೇ ನಿಲ್ಲಿಸುತ್ತದೆ.

ತಿದ್ದುಪಡಿ

ಊಹೆ ನಿಜವೆಂದು ಕೈಯಾರೆ ತೋರಿಸದೆ ತಿದ್ದಲು ಹೋಗಬಾರದೆಂದು ಈ ಸಲ ನಿಶ್ಚಯಿಸಿದ್ದೆ. ನಿಯಂತ್ರಣ ಸಂದೇಶದ ದಾರಿಯಲ್ಲಿ ಮೂರು ಸೆಕೆಂಡಿನ ನಿದ್ದೆಯೊಂದನ್ನು ಬೇಕೆಂದೇ ಸೇರಿಸಿ, ಮತ್ತೊಂದು ಟರ್ಮಿನಲ್ಲಿನಿಂದ, ಕ್ಯಾಶ್ ಖಾಲಿ ಮಾಡಿಸುವ ಡ್ರಾಪ್_ಕ್ಯಾಶಸ್‌ಗೆ 2 ಬರೆದೆ. 2 ಎಂದರೆ ಸ್ಲ್ಯಾಬ್ ವಸ್ತುಗಳನ್ನು (ಕರ್ನಲ್ ತನ್ನ ಬಳಕೆಗೆ ಇಟ್ಟುಕೊಂಡ ಚಿಕ್ಕ ತುಂಡುಗಳನ್ನು) ಬಿಡಿಸು ಎಂದು, ಅದು ಎಲ್ಲ ಶ್ರಿಂಕರುಗಳನ್ನೂ ಕರೆಯುತ್ತದೆ. ಟರ್ಮಿನಲ್ ಮೂರು ಸೆಕೆಂಡು ಕಲ್ಲಾಯಿತು. ಮೂರು ವಾರ ರಾತ್ರಿಗಳಲ್ಲಿ ಹುಡುಕಿದ ದೋಷ ಈಗ ಒಂದು ಸಾಲಿನ ಆದೇಶಕ್ಕೆ ಬರುತ್ತಿತ್ತು. ಆ ದಿನದ ಸಮಾಧಾನ ದೊಡ್ಡದು.

ಮೊದಲ ತಿದ್ದುಪಡಿ ಸುಲಭದ್ದು. ಸ್ಕ್ಯಾನ್ ಫಂಕ್ಷನ್ನಿನಲ್ಲಿ ಲಾಕಿಗಾಗಿ ಕಾಯದೆ ಟ್ರೈಲಾಕ್ ಮಾಡಿ, ಸಿಗದಿದ್ದರೆ ಶ್ರಿಂಕ್_ಸ್ಟಾಪ್ ಎಂದು ಹಿಂದಿರುಗುವುದು. ಈಗ ಆಗದು, ಬೇರೆಡೆ ನೋಡು ಎಂದು ಅದರರ್ಥ. ಬಾಕಿ ಕೆಲಸವನ್ನು ಕರ್ನಲ್ ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳುತ್ತದೆ. ಎಷ್ಟೋ ಡ್ರೈವರುಗಳು ಇಷ್ಟಕ್ಕೇ ನಿಲ್ಲಿಸುತ್ತವೆ. ನನಗದು ತೇಪೆಯೆನಿಸಿತು. ಮೂರು ಸೆಕೆಂಡು ಲಾಕ್ ಸಿಗದಿದ್ದರೆ ಅಷ್ಟು ಹೊತ್ತೂ ನನ್ನ ಬಫರುಗಳು ಒಂದೂ ಹೊರಗೆ ಹೋಗವು, ಶ್ರಿಂಕರ್ ಇದ್ದೂ ಇಲ್ಲದಂತೆ.

ಆದ್ದರಿಂದ ಲಾಕನ್ನೇ ಒಡೆದೆ. ಬೋರ್ಡಿನ ನಿಯಂತ್ರಣಕ್ಕೆ ಮ್ಯೂಟೆಕ್ಸ್, ಸಂಗ್ರಹದ ಪಟ್ಟಿಗೆ ಪ್ರತ್ಯೇಕ ಸ್ಪಿನ್‌ಲಾಕ್. ಸ್ಕ್ಯಾನ್ ಫಂಕ್ಷನ್ ಸ್ಪಿನ್‌ಲಾಕ್ ಹಿಡಿದು ಬೇಕಾದಷ್ಟು ಬಫರುಗಳನ್ನು ಪಟ್ಟಿಯಿಂದ ಕಳಚಿ, ಲಾಕ್ ಬಿಟ್ಟು, ಆಮೇಲೆ ಮುಕ್ತಗೊಳಿಸುತ್ತದೆ. ಎಣಿಕೆಯ ಫಂಕ್ಷನ್ ಯಾವ ಲಾಕನ್ನೂ ಮುಟ್ಟದೆ ಒಂದು ಅಂಕಿಯನ್ನು ಓದಿ ಕೊಡುತ್ತದೆ. ಈಗ ಇವೆರಡರಲ್ಲಿ ಮಲಗುವ ಅವಕಾಶವೇ ಇಲ್ಲ.

ಇದನ್ನು, ಲಾಕುಗಳ ತಪ್ಪು ಬಳಕೆಯನ್ನು ಪತ್ತೆಹಚ್ಚುವ ಲಾಕ್‌ಡೆಪ್ ಚಾಲೂ ಇರುವ ಪರೀಕ್ಷಾ ಕರ್ನಲ್‌ನಲ್ಲಿ ಓಡಿಸಿದೆ. ಹೋಲಿಕೆಗೆಂದು ಹಳೆಯ ಡ್ರೈವರನ್ನೂ ಅದರಲ್ಲೇ ಓಡಿಸಿದಾಗ ಇನ್ನೂ ಭೀಕರವಾದ ದೋಷ ಹೊರಬಂತು. ಹಳೆಯ ಮ್ಯೂಟೆಕ್ಸ್ ಹಿಡಿದಿರುವಾಗಲೇ ಒಂದು ಕಡೆ ಜಿಎಫ್‌ಪಿ_ಕರ್ನಲ್ ಧ್ವಜದೊಂದಿಗೆ (ಬೇಕಾದರೆ ಪುಟ ಬಿಡಿಸಿಯಾದರೂ ಕೊಡು ಎಂಬ ಸೂಚನೆಯೊಂದಿಗೆ) ಮೆಮೊರಿ ಕೇಳಿದ್ದೆ. ಮೆಮೊರಿ ಕಡಿಮೆಯಿದ್ದರೆ ಆ ಕೋರಿಕೆ ಡೈರೆಕ್ಟ್ ರಿಕ್ಲೈಮ್‌ಗೆ ಹೋಗಿ, ಅಲ್ಲಿಂದ ನನ್ನದೇ ಶ್ರಿಂಕರಿಗೆ ಬಂದು, ತಾನೇ ಹಿಡಿದಿರುವ ಲಾಕಿಗಾಗಿ ತಾನೇ ಎಂದೆಂದಿಗೂ ಕಾಯುತ್ತದೆ. ಲಾಕ್‌ಡೆಪ್ ಇದನ್ನು ಎಫ್‌ಎಸ್_ರಿಕ್ಲೈಮ್ ಎಂಬ ಕಾಲ್ಪನಿಕ ಲಾಕಿನ ಮೂಲಕ, ಘಟನೆ ನಡೆಯದೆಯೂ ಪತ್ತೆಹಚ್ಚುತ್ತದೆ. ಯುಎಸ್‌ಬಿ ವಿಭಾಗದ ನಿಯಂತ್ರಣ ಸಂದೇಶದ ಒಳಗೆ ನೋಡಿದರೆ ಅಲ್ಲಿ ಮೆಮೊರಿ ಕೇಳುವುದು ಜಿಎಫ್‌ಪಿ_ನೋಐಒ, ಅಂದರೆ ಡಿಸ್ಕನ್ನು ಮುಟ್ಟದೆ ಕೊಡು, ಎಂದು: ಪುಟ ಬಿಡಿಸಲು ಡಿಸ್ಕಿಗೆ ಬರೆಯಬೇಕಾದೀತು, ಆ ಡಿಸ್ಕೇ ಯುಎಸ್‌ಬಿಯಲ್ಲಿರಬಹುದು ಎಂಬ ಮುನ್ನೆಚ್ಚರಿಕೆ. ಅದನ್ನು ಬರೆದವರ ದೂರದೃಷ್ಟಿಗೆ ಮನಸ್ಸಿನಲ್ಲೇ ಕೈಮುಗಿದು, ನನ್ನ ಕೋರಿಕೆಯನ್ನು ಲಾಕ್ ಹಿಡಿಯುವ ಮೊದಲೇ ಮಾಡುವಂತೆ ಮೇಲಕ್ಕೆ ಸರಿಸಿದೆ. ಧ್ವಜ ಬದಲಿಸಿಯೂ ಬಿಡಬಹುದಿತ್ತು. ಜಾಗ ಬದಲಿಸುವುದು ಹೆಚ್ಚು ಶುದ್ಧ. ಡ್ರೈವರಿನ ಕೆಲಸದ ಸಾಲು (ಹಿನ್ನೆಲೆಯಲ್ಲಿ ಮಾಡಬೇಕಾದ ಕೆಲಸಗಳ ಸರದಿ) ಮಾತ್ರ ಮೊದಲಿನಂತೆಯೇ ಉಳಿಯಿತು. ಪುಟ ಬಿಡಿಸುವ ಕೆಲಸ ಅದನ್ನು ನೆಚ್ಚಿಕೊಂಡಿಲ್ಲ, ಆದ್ದರಿಂದ ಮೆಮೊರಿ ಇಲ್ಲದಾಗಲೂ ಸಾಲು ಮುಂದುವರಿಯುವಂತೆ ಮಾಡುವ ಮೆಮ್_ರಿಕ್ಲೈಮ್ ಗುರುತು ಅದಕ್ಕೆ ಬೇಕಿಲ್ಲ.

ಅದೇ ಪರೀಕ್ಷೆಯನ್ನು, ಬೇಕೆಂದೇ ಸೇರಿಸಿದ ಮೂರು ಸೆಕೆಂಡಿನ ನಿದ್ದೆಯ ಸಮೇತ, ಹೊಸ ಡ್ರೈವರಿನ ಮೇಲೆ ನಡೆಸಿದೆ. ಡ್ರಾಪ್_ಕ್ಯಾಶಸ್ ಕಣ್ಣೆವೆ ಮುಚ್ಚುವಷ್ಟರಲ್ಲಿ ಮರಳಿತು. ನಿದ್ದೆ ತೆಗೆದು ಡ್ರೈವರನ್ನು ಮುದ್ರಣ ಯಂತ್ರಕ್ಕೆ ಹಾಕಿದೆ.

ನಂತರದ ಹತ್ತು ರಾತ್ರಿ

ಅಲಾಕ್‌ಸ್ಟಾಲ್ ಆರು ರಾತ್ರಿ ಸೊನ್ನೆ. ಉಳಿದ ನಾಲ್ಕರಲ್ಲಿ ಒಟ್ಟು ಹನ್ನೊಂದು. ಬರೆಯುವ ಎಳೆಯ ಅತಿ ನಿಧಾನದ ಕರೆ 14 ಮಿಲಿಸೆಕೆಂಡು. ಕಾಂಪ್ಯಾಕ್ಟ್_ಸ್ಟಾಲ್ ಎಂಬ ಬೇರೊಂದು ಎಣಿಕೆ ಮಾತ್ರ ಏರುತ್ತಲೇ ಇತ್ತು. ದೊಡ್ಡ ಪುಟ ಜೋಡಿಸಲು ಚಿಕ್ಕವನ್ನು ಸರಿಸುವ ಕೆಲಸವದು. ದೊಡ್ಡ ಪುಟಗಳ ಡಿಫ್ರ್ಯಾಗ್ ಹೊಂದಾಣಿಕೆಯನ್ನು ಡಿಫರ್ ಎಂದು ಮಾಡಿ ಆ ಕೆಲಸವನ್ನೂ ಹಿನ್ನೆಲೆಗೆ ಕಳಿಸಿದೆ.

ವರ್ತುಲ ಬಫರನ್ನು ಎರಡು ಸೆಕೆಂಡಿನಿಂದ ಎಂಟಕ್ಕೆ ಏರಿಸಿದ್ದು ಎಲ್ಲಕ್ಕಿಂತ ಕೊನೆಗೆ. ಮೊದಲ ದಿನವೇ ಏರಿಸಿದ್ದರೆ ತೂತುಗಳು ಅಂದೇ ನಿಲ್ಲುತ್ತಿದ್ದವು, ತಾನೇ ತನ್ನ ಲಾಕಿಗೆ ಕಾಯುವ ಆ ಕೋರಿಕೆ ಡ್ರೈವರಿನೊಳಗೆ ಇನ್ನೂ ಕುಳಿತಿರುತ್ತಿತ್ತು. ಕಾವಲು ಪ್ರೋಗ್ರಾಮನ್ನು ತೆಗೆದಿಲ್ಲ. ನಿನ್ನೆ ರಾತ್ರಿ ನಾಲ್ಕು ಗಂಟೆಯ ಮುದ್ರಣ ನಡೆಯುತ್ತಿದ್ದಾಗ 90 ಜಿಬಿ ಹಳೆಯ ಫೈಲುಗಳು ಹಾರ್ಡ್ ಡಿಸ್ಕಿಗೆ ಹೋದವು, ಬೋರ್ಡು ಎರಡು ಸಲ ಗಡಿಯಾರ ಹೊಂದಿಸಿಕೊಂಡಿತು, ಕಾವಲಿನ ದಾಖಲೆಯಲ್ಲಿ ಒಂದು ಸಾಲೂ ಇಲ್ಲ.